ವಾಸಿಯಾಗದ ಮಚ್ಚೆ, ಅನುಮಾನದ ಸ್ಲೈಡ್: ಚರ್ಮದ ಲಿಂಫೋಮಾವನ್ನು ಆರಂಭದಲ್ಲೇ ಹಿಡಿಯುವುದು ಹೇಗೆ?

ಶಿರಸಿಯ ನನ್ನ ಸಣ್ಣ ಲ್ಯಾಬಿಗೆ ಕುಮಟಾ, ಸಿದ್ದಾಪುರ, ಯಲ್ಲಾಪುರ, ಹೊನ್ನಾವರದ ಕಡೆಯಿಂದ ಚರ್ಮದ ತುಂಡುಗಳು ಬರುತ್ತವೆ. ಇಸಬು, ಸೋರಿಯಾಸಿಸ್, ಕುಷ್ಠ, ಔಷಧದ ಅಲರ್ಜಿ, ಹೆಚ್ಚಿನವು ಇವೇ. ಇವುಗಳ ನಡುವೆ ಅಪರೂಪಕ್ಕೆ ಒಂದು ಮೈಕೋಸಿಸ್ ಫಂಗೊಯಿಡಿಸ್ ಸೇರಿಕೊಂಡಿರುತ್ತದೆ. ಲ್ಯಾಬಿನ ಮಾತಿನಲ್ಲಿ ಎಂಎಫ್. ಲಿಂಫೋಸೈಟು ಎಂಬ ಬಿಳಿ ರಕ್ತಕಣಗಳಲ್ಲಿ ಟಿ ಬಗೆಯವು ಚರ್ಮದಲ್ಲಿ ಕ್ಯಾನ್ಸರಾಗುವ ಲಿಂಫೋಮಾ ಇದು. ಆರಂಭದಲ್ಲಿ ಇಸಬಿನ ಹಾಗೆಯೇ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ಅಡಿಕೆ ತೋಟದ ಕೆಲಸಗಾರರೊಬ್ಬರ ತುಂಡಿಗೆ ನಾನು 'ಹಳೆಯ ಇಸಬು' ಎಂದು ರಿಪೋರ್ಟ್ ಕೊಟ್ಟೆ. ಮೂರು ವರ್ಷ ಬಿಟ್ಟು ಅವರದೇ ಇನ್ನೊಂದು ತುಂಡು ಬಂತು. ಈ ಸಲ ಎಂಎಫ್ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಹಳೆಯ ಸ್ಲೈಡ್ ಹುಡುಕಿ ತೆಗೆದು ನೋಡಿದೆ. ಸುಳಿವು ಆಗಲೇ ಇತ್ತು. ಮಚ್ಚೆ ಎಲ್ಲಿದೆ, ಎಷ್ಟು ವರ್ಷದಿಂದ ಇದೆ ಎಂದು ನಾನು ಕೇಳಿರಲಿಲ್ಲ. ಅಷ್ಟೇ ಕೊರತೆ. ಆ ಮೂರು ವರ್ಷ ಅವರು ಹಚ್ಚಿಕೊಂಡ ಕ್ರೀಮುಗಳ ಲೆಕ್ಕ ಕೇಳಿದಾಗ ನನಗೆ ತುಂಬಾ ಸಂಕಟವಾಯಿತು.

ಹಾಗಾಗಿ ನಮ್ಮಂಥ ಸಣ್ಣ ಊರಿನ ಪೆಥಾಲಜಿಸ್ಟರಿಗೆ, ತಾಲೂಕು ಆಸ್ಪತ್ರೆಯ ವೈದ್ಯರಿಗೆ, ಲ್ಯಾಬ್ ಟೆಕ್ನಿಷಿಯನ್ನರಿಗೆ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಬೇಡದ ಪರೀಕ್ಷೆಗಳು ಮೊದಲು. ದುಬಾರಿ ಪರೀಕ್ಷೆ ಕೊನೆಗೆ. ಈ ರೋಗವನ್ನು ಸ್ಲೈಡ್ ಒಂದರಿಂದಲೇ ಹಿಡಿಯಲು ಹೋದರೆ ಎರಡೂ ಕಡೆ ತಪ್ಪುತ್ತೇವೆ: ಇದ್ದದ್ದನ್ನು ಬಿಡುತ್ತೇವೆ, ಇಲ್ಲದ್ದನ್ನು ಇದೆ ಎನ್ನುತ್ತೇವೆ.

## ಚೀಟಿಯಲ್ಲಿ 'ರ್‍ಯಾಶ್' ಎಂದಷ್ಟೇ ಇದೆ

ಇಲ್ಲಿ ಮೈಕ್ರೋಸ್ಕೋಪಿಗೆ ಮೊದಲು ಫೋನ್ ಬೇಕು. ತುಂಡು ಕಳಿಸಿದ ವೈದ್ಯರಿಗೆ ಕರೆ ಮಾಡಿ. ಮಚ್ಚೆ ಎಷ್ಟು ಕಾಲದಿಂದ ಇದೆ? ಪೂರ್ತಿ ಹೋಗಿ ಮತ್ತೆ ಬರುತ್ತದೆಯೋ, ಅಥವಾ ಅದೇ ಜಾಗದಲ್ಲಿ ಉಳಿದು ನಿಧಾನಕ್ಕೆ ಹೊಸದು ಸೇರುತ್ತಿದೆಯೋ? ಎಲ್ಲಾ ಒಂದೇ ಅಳತೆಯೋ, ಅಥವಾ ಒಂದು ಚಿಕ್ಕದು ಒಂದು ದೊಡ್ಡದೋ? ಚರ್ಮ ತೆಳುವಾಗಿ ಸಿಗರೇಟ್ ಪೇಪರಿನ ಹಾಗೆ ಸುಕ್ಕುಗಟ್ಟಿದೆಯೇ?

ಎಲ್ಲಕ್ಕಿಂತ ಮುಖ್ಯ, ಜಾಗ. ಆರಂಭದ ಎಂಎಫ್‌ಗೆ ಬಿಸಿಲು ಬೀಳದ ಜಾಗ ಇಷ್ಟ. ಪೃಷ್ಠ, ತೊಡೆ, ಸೊಂಟದ ಪಕ್ಕ, ಸ್ತನ. ನಮ್ಮ ಕಡೆ ಇದೇ ತೊಂದರೆ. ಜನ ಕೈ ತೋರಿಸುತ್ತಾರೆ, ಕಾಲು ತೋರಿಸುತ್ತಾರೆ. ಬಟ್ಟೆಯೊಳಗಿನ ಮಚ್ಚೆಯನ್ನು ಕೇಳದೆ ತೋರಿಸುವುದಿಲ್ಲ. ಹೆಂಗಸರಂತೂ ಲೇಡಿ ಡಾಕ್ಟರ್ ಇಲ್ಲದಿದ್ದರೆ ಹೇಳುವುದೇ ಇಲ್ಲ. ಮೊದಲು ಹೇಳಿದ ಕೆಲಸಗಾರರ ಮೊದಲ ತುಂಡನ್ನು ಮುಂದೋಳಿನಿಂದ ತೆಗೆದಿದ್ದರು. ದೊಡ್ಡ ಮಚ್ಚೆಗಳು ಪೃಷ್ಠದ ಮೇಲಿದ್ದವು. 'ಅದೂ ಇದೇ ಅಂದ್ಕೊಂಡೆ ಡಾಕ್ಟ್ರೇ, ತೋರ್ಸೂಕೆ ನಾಚ್ಕೆ ಆತು' ಎಂದು ಆಮೇಲೆ ಹೇಳಿದರು.

ರೋಗಿಯ ಒಪ್ಪಿಗೆ ಪಡೆದು, ಮುಖ ಕಾಣದ ಹಾಗೆ ಎರಡು ಫೋಟೋ ತರಿಸಿಕೊಳ್ಳಿ. ಹಳೆಯ ಬಯಾಪ್ಸಿ (ಚರ್ಮದ ತುಂಡು ತೆಗೆದು ನೋಡಿದ್ದು) ಇದ್ದರೆ ಆ ಬ್ಲಾಕ್, ಅಂದರೆ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿ, ಕೂಡ ತರಿಸಿ. ಎಂಎಫ್ ಹಲವು ಸಲ ಒಂದೇ ತುಂಡಿನಲ್ಲಿ ಸಿಗದೆ ಎರಡು ಮೂರು ತುಂಡುಗಳನ್ನು ಪಕ್ಕ ಪಕ್ಕ ಇಟ್ಟಾಗ ಸಿಗುತ್ತದೆ.

ಇದರ ಅರ್ಥ ಹೀಗೆ. ವರ್ಷಗಳಿಂದ ಇದ್ದು, ಬಟ್ಟೆಯೊಳಗಿನ ಜಾಗದಲ್ಲಿದ್ದು, ಬೇರೆ ಬೇರೆ ಅಳತೆಯ ಮಚ್ಚೆಗಳಾದರೆ ಸ್ಲೈಡ್ ಸಪ್ಪೆಯಾಗಿದ್ದರೂ ಅನುಮಾನ ಬಿಡಬೇಡಿ. ಎರಡು ವಾರದ ಹಿಂದೆ ಬಂದು ವಿಪರೀತ ತುರಿಸುವ ಗುಳ್ಳೆಗಳಾದರೆ, ಸ್ಲೈಡ್ ಹೆದರಿಸಿದರೂ ನಿಧಾನಿಸಿ.

## ಹುಳುಕಡ್ಡಿ ಎಂದು ವರ್ಷಗಟ್ಟಲೆ ಕ್ರೀಮ್ ಹಚ್ಚಿದ್ದಾರೆ

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಸೆಕೆಗೆ ಹುಳುಕಡ್ಡಿ ಮನೆಮನೆಯ ಮಾತು. ಒದ್ದೆ ಬಟ್ಟೆಯಲ್ಲೇ ದೋಣಿಯಲ್ಲಿ ಕೂರುವವರು, ಮಳೆಯಲ್ಲಿ ತೋಟಕ್ಕೆ ಮದ್ದು ಹೊಡೆಯುವವರು, ಯಾರಿಗೆ ಬಂದರೂ ಆಶ್ಚರ್ಯವಿಲ್ಲ. ಆದ್ದರಿಂದ ಫಂಗಸ್ ಇದೆಯೇ ಎಂದು ಮೊದಲು ನೋಡಲೇಬೇಕು. ಅಂಚನ್ನು ಕೆರೆದು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರವ ಹಾಕಿ ನೋಡುವುದು ಹತ್ತು ಹದಿನೈದು ನಿಮಿಷದ ಕೆಲಸ. ತುಂಡು ಆಗಲೇ ಬಂದಿದ್ದರೆ ಫಂಗಸ್ಸಿಗೆ ಬಣ್ಣ ಹಿಡಿಸುವ ಪಿಎಎಸ್ ಸ್ಟೇನ್ ಮಾಡಿ, ಮೇಲಿನ ಸತ್ತ ಪದರದಲ್ಲಿ ಎಳೆಗಳಿವೆಯೇ ಹುಡುಕಿ.

ಫಂಗಸ್ ಸಿಗಲಿಲ್ಲ ಎಂದಾದರೆ ಮುಂದಿನ ಪ್ರಶ್ನೆ ಕ್ರೀಮಿನದು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಮಿಶ್ರ ಕ್ರೀಮುಗಳಲ್ಲಿ ಫಂಗಸ್ ಮದ್ದಿನ ಜೊತೆ ಗಟ್ಟಿ ಸ್ಟೀರಾಯ್ಡ್ ಇರುತ್ತದೆ. ಸ್ಟೀರಾಯ್ಡ್ ಲಿಂಫೋಸೈಟುಗಳನ್ನು ಓಡಿಸಿಬಿಡುತ್ತದೆ. ಮಚ್ಚೆ ಮಸುಕಾಗುತ್ತದೆ, ತುಂಡಿನಲ್ಲಿ ಏನೂ ಸಿಗುವುದಿಲ್ಲ, ಬಿಟ್ಟ ಮೇಲೆ ಮತ್ತೆ ಬರುತ್ತದೆ. ಬಯಾಪ್ಸಿಗೆ ಮೊದಲು 2ರಿಂದ 4 ವಾರ ಕ್ರೀಮ್ ಪೂರ್ತಿ ನಿಲ್ಲಿಸಲು ಹೇಳಿ. ತುರಿಕೆಗೆ ತೆಂಗಿನೆಣ್ಣೆಯೋ ವ್ಯಾಸಲಿನ್ನೋ ಸಾಕು.

ಎಲ್ಲಿಂದ ತೆಗೆಯಬೇಕು ಎಂಬುದನ್ನೂ ವೈದ್ಯರಿಗೆ ಹೇಳಿ. ಅತಿ ಹಳೆಯ, ಸ್ವಲ್ಪ ದಪ್ಪವಾದ, ಕೆರೆದು ಗಾಯವಾಗದ ಮಚ್ಚೆ ಒಳ್ಳೆಯದು. ಎರಡು ಬೇರೆ ಜಾಗದಿಂದ ತೆಗೆದರೆ ಇನ್ನೂ ಒಳ್ಳೆಯದು. ದುಂಡಗೆ ಕೊರೆದು ತೆಗೆಯುವ ಪಂಚ್ ಎರಡು ಮಿಲಿಮೀಟರಿನದು ಬೇಡ. 4ರಿಂದ 6 ಮಿಲಿಮೀಟರ್ ಇರಲಿ. ತೆಳುವಾದ ಮಚ್ಚೆಗೆ ಅಗಲವಾದ ಶೇವ್ ಬಯಾಪ್ಸಿ (ಮೇಲಿಂದ ತೆಳುವಾಗಿ ಹೆರೆದದ್ದು) ಕೂಡ ಚೆನ್ನಾಗಿ ಬರುತ್ತದೆ, ಏಕೆಂದರೆ ನಮಗೆ ಬೇಕಾದದ್ದು ಮೇಲ್ಪದರದ ಉದ್ದ.

ಒಂದು ಎಚ್ಚರಿಕೆ. ಬಯಾಪ್ಸಿ ಆಗುವ ಮೊದಲೇ 'ಹಠಮಾರಿ ಇಸಬು' ಎಂದು ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೊರಿನ್ ಶುರು ಮಾಡಬೇಡಿ. ಒಳಗೆ ಎಂಎಫ್ ಇದ್ದರೆ ಅದು ಜೋರಾಗಬಹುದು.

## ಚಿಕ್ಕ ವಯಸ್ಸು, ತಿಳಿ ಬಣ್ಣದ ಮಚ್ಚೆಗಳು

ನಮ್ಮ ಮೈಬಣ್ಣದವರಲ್ಲಿ ಎಂಎಫ್ ಕೆಂಪಾಗಿ ಕಾಣಲೇಬೇಕೆಂದಿಲ್ಲ. ಮಕ್ಕಳಲ್ಲಿ, ಹರೆಯದವರಲ್ಲಿ ಅದು ತಿಳಿ ಬಣ್ಣದ ಮಚ್ಚೆಯಾಗಿಯೇ ಬರಬಹುದು. ಆಗ ಮನೆಯವರು ಒಂದೋ ಚಿಬ್ಬು ಎನ್ನುತ್ತಾರೆ, ಇಲ್ಲವೇ ತೊನ್ನು ಎಂದು ಹೆದರುತ್ತಾರೆ.

ಮೊದಲ ಪರೀಕ್ಷೆ ಕುಷ್ಠಕ್ಕೆ. ಹತ್ತಿಯ ಎಳೆಯಿಂದ ಮುಟ್ಟಿ, ಕಣ್ಣು ಮುಚ್ಚಿಸಿ ಕೇಳಿ. ಬಿಸಿ ಮತ್ತು ತಣ್ಣೀರಿನ ಟೆಸ್ಟ್ ಟ್ಯೂಬ್ ಇಟ್ಟು ಕೇಳಿ. ಮೊಣಕೈ ಹತ್ತಿರದ ನರ ದಪ್ಪವಾಗಿದೆಯೇ ಮುಟ್ಟಿ ನೋಡಿ. ಸ್ಪರ್ಶ ಕಡಿಮೆಯಾಗಿದ್ದರೆ ಕುಷ್ಠದ ದಾರಿಯಲ್ಲಿ ಹೋಗಿ. ಅದರ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸ್ಲೈಡಿನಲ್ಲಿ ನರದ ಸುತ್ತ ಗ್ರಾನ್ಯುಲೋಮಾ (ಉರಿಯೂತದ ಕೋಶಗಳ ಸಣ್ಣ ಉಂಡೆ) ಇದ್ದರೆ ಕುಷ್ಠದ ಬ್ಯಾಕ್ಟೀರಿಯಾ ತೋರಿಸುವ ಫೈಟ್ ಸ್ಟೇನ್ ಮಾಡಿ. ಎಂಎಫ್‌ನಲ್ಲೂ ಒಮ್ಮೊಮ್ಮೆ ಗ್ರಾನ್ಯುಲೋಮಾ ಇರುತ್ತದೆ. ಹಾಗಾಗಿ ಗ್ರಾನ್ಯುಲೋಮಾ ಕಂಡ ಕೂಡಲೇ ಮೇಲ್ಪದರ ನೋಡುವುದನ್ನು ಬಿಡಬೇಡಿ.

ವುಡ್ಸ್ ಲ್ಯಾಂಪಿನ ನೇರಳಾತೀತ ಬೆಳಕಿನಲ್ಲಿ ತೊನ್ನು ಸುಣ್ಣದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ತಿಳಿ ಬಣ್ಣದ ಎಂಎಫ್ ಹಾಗೆ ಹೊಳೆಯುವುದಿಲ್ಲ. ಆದರೆ ಸ್ಲೈಡಿನಲ್ಲಿ ಇವೆರಡೂ ಮೋಸ ಮಾಡುತ್ತವೆ. ಹೊಸದಾಗಿ ಹರಡುತ್ತಿರುವ ತೊನ್ನಿನ ಅಂಚಿನಲ್ಲೂ ಸಿಡಿ8 (ಕೋಶದ ಮೇಲಿನ ಒಂದು ಗುರುತಿನ ಪ್ರೋಟೀನ್) ಇರುವ ಲಿಂಫೋಸೈಟುಗಳು ತಳದ ಸಾಲಿನಲ್ಲಿ ಕೂತಿರುತ್ತವೆ. ತಿಳಿ ಬಣ್ಣದ ಎಂಎಫ್‌ನಲ್ಲೂ ಹೆಚ್ಚಾಗಿ ಸಿಡಿ8 ಕೋಶಗಳೇ. ಇಲ್ಲಿ ಸ್ಲೈಡಿಗಿಂತ ವುಡ್ಸ್ ಲ್ಯಾಂಪ್ ಮತ್ತು ಕಾಲಾವಧಿಯ ಮಾತನ್ನು ನಾನು ಜಾಸ್ತಿ ನಂಬುತ್ತೇನೆ.

ಈ ಬಗೆಯ ಎಂಎಫ್ ಸಾಮಾನ್ಯವಾಗಿ ಸೌಮ್ಯ. ನ್ಯಾರೋಬ್ಯಾಂಡ್ ಯುವಿಬಿ ಎಂಬ ನೇರಳಾತೀತ ಬೆಳಕಿಗೆ ಚೆನ್ನಾಗಿ ಬಗ್ಗುತ್ತದೆ. ತಂದೆ ತಾಯಿಗೆ ಇದನ್ನು ಮೊದಲೇ ಹೇಳಿ.

## ಸ್ಲೈಡ್ ಸರಿಯಾಗಿ ಬಂದಿಲ್ಲ

ಕಡಿಮೆ ಫಾರ್ಮಲಿನ್ (ತುಂಡು ಕೊಳೆಯದಂತೆ ಇಡುವ ದ್ರವ), ದಪ್ಪ ಕಟ್, ಓರೆಯಾಗಿ ಕೂರಿಸಿದ ತುಂಡು. ಎಂಎಫ್‌ನಂಥ ಸೂಕ್ಷ್ಮ ರೋಗದಲ್ಲಿ ಈ ಮೂರರಲ್ಲಿ ಒಂದು ಸಾಕು, ದಾರಿ ತಪ್ಪಿಸಲು. ತುಂಡಿನ ಹತ್ತು ಪಟ್ಟಾದರೂ ಬಫರ್ಡ್ ಫಾರ್ಮಲಿನ್ ಇರಲಿ. ಕಟ್ 3ರಿಂದ 4 ಮೈಕ್ರಾನ್ ಇರಲಿ. ಮಳೆಗಾಲದಲ್ಲಿ ಗಾಳಿಯ ತೇವ ಆಲ್ಕೋಹಾಲ್ ಮತ್ತು ಕ್ಸೈಲೀನಿಗೆ ಸೇರಿ ಸ್ಲೈಡ್ ಮಂಜಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅವನ್ನು ಬೇಗ ಬೇಗ ಬದಲಿಸಿ. ಘಟ್ಟದ ರಸ್ತೆ ಬಂದ್ ಆಗಿ ತುಂಡು ಫಾರ್ಮಲಿನ್ನಿನಲ್ಲೇ ನಾಲ್ಕೈದು ದಿನ ಉಳಿದರೆ ಆ ದಿನಗಳನ್ನು ಬರೆದಿಡಿ. ಮುಂದೆ ಡಿಎನ್ಎ ಪರೀಕ್ಷೆ ಫೇಲಾದರೆ ಕಾರಣ ಗೊತ್ತಾಗುತ್ತದೆ. ಫಾರ್ಮಲಿನ್ ಬದಲು ಬುವೆನ್ಸ್ ದ್ರವಕ್ಕೆ ಹಾಕಲೇಬೇಡಿ, ಅದು ಡಿಎನ್ಎ ಕೆಡಿಸುತ್ತದೆ.

ಮೊದಲ ಕಟ್‌ನಲ್ಲಿ ಏನೂ ಸಿಗದಿದ್ದರೆ ಬ್ಲಾಕಿನ ಒಳಗೆ ಇಳಿದು ಇನ್ನಷ್ಟು ಕಟ್ ತೆಗೆಸಿ. ಇದಕ್ಕೆ ಖರ್ಚಾಗುವುದು ಟೆಕ್ನಿಷಿಯನ್ನರ ಅರ್ಧ ಗಂಟೆ ಮಾತ್ರ. ಆ ಕೆಲಸಗಾರರ ಹಳೆಯ ಬ್ಲಾಕಿನಲ್ಲಿ ಆರನೆಯ ಕಟ್‌ಗೆ ಸುಳಿವು ಎದ್ದು ಕಂಡಿತು.

## ಲಿಂಫೋಸೈಟುಗಳು ಮೇಲ್ಪದರಕ್ಕೆ ಹತ್ತಿವೆ

ಇದೇ ಈ ಕೆಲಸದ ಹೃದಯ, ಇಲ್ಲಿ ಸಮಯ ಕೊಡಿ.

ಇಸಬಿನಲ್ಲೂ ಲಿಂಫೋಸೈಟುಗಳು ಎಪಿಡರ್ಮಿಸಿಗೆ, ಅಂದರೆ ಚರ್ಮದ ಮೇಲ್ಪದರಕ್ಕೆ, ಹತ್ತುತ್ತವೆ. ಆದರೆ ಅಲ್ಲಿ ನೀರು ಇರುತ್ತದೆ. ಕೋಶಗಳ ನಡುವೆ ನೀರು ತುಂಬಿ ಪದರ ಸ್ಪಂಜಿನ ಹಾಗೆ ಬಿಟ್ಟುಕೊಂಡಿರುತ್ತದೆ. ಅದೇ ಸ್ಪಾಂಜಿಯೋಸಿಸ್. ಎಂಎಫ್‌ನಲ್ಲಿ ಕೋಶಗಳು ಹತ್ತಿರುತ್ತವೆ, ನೀರು ಇರುವುದಿಲ್ಲ. ಇದ್ದರೂ ಹತ್ತಿದ ಕೋಶಗಳ ಸಂಖ್ಯೆಗೆ ತಕ್ಕಷ್ಟು ಇರುವುದಿಲ್ಲ. ನಾನು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಷ್ಟು ಜನ ಮೇಲೆ ಬಂದಿದ್ದಾರೆ, ಬರಲು ಕಾರಣ ಕಾಣುತ್ತಿದೆಯೇ?

ಕಡಿಮೆ ಪವರಿನಲ್ಲಿ ತಳದ ಸಾಲನ್ನು ನೋಡಿ. ಲಿಂಫೋಸೈಟುಗಳು ಬೇಸಲ್ ಪದರದ ಉದ್ದಕ್ಕೆ ಮಣಿ ಪೋಣಿಸಿದ ಹಾಗೆ ಸಾಲಾಗಿ ಕೂತಿದ್ದರೆ ಅದು ಗಟ್ಟಿ ಸುಳಿವು. ಸುತ್ತ ಬಿಳಿ ಪ್ರಭೆ ಇರುವ ಲಿಂಫೋಸೈಟುಗಳು ಇನ್ನೊಂದು ಸುಳಿವು. ಆದರೆ ಫಿಕ್ಸೇಷನ್ (ಫಾರ್ಮಲಿನ್ನಿನಲ್ಲಿ ಹದಗೊಳಿಸುವುದು) ಸರಿಯಿಲ್ಲದಿದ್ದರೂ ಪ್ರಭೆ ಬರುತ್ತದೆ. ಕೆಳಗಿನ ಪದರವಾದ ಡರ್ಮಿಸಿನ ಲಿಂಫೋಸೈಟುಗಳಿಗೂ ಪ್ರಭೆ ಇದ್ದರೆ ಆ ಸುಳಿವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಲಿನ ಲಿಂಫೋಸೈಟುಗಳು ಕೆಳಗಿನವುಗಳಿಗಿಂತ ದೊಡ್ಡದೂ ಕಪ್ಪೂ ಆಗಿವೆಯೇ ನೋಡಿ. ನ್ಯೂಕ್ಲಿಯಸ್ ಮೆದುಳಿನ ಮಡಿಕೆಯಂತೆ ಸುರುಳಿಯಾಗಿದೆಯೇ? ಹೈ ಪವರಿನಲ್ಲಿ ಫೋಕಸ್ ಆಚೀಚೆ ಮಾಡಿದರೆ ಮಡಿಕೆ ಗೊತ್ತಾಗುತ್ತದೆ. ಪ್ಯಾಪಿಲರಿ ಡರ್ಮಿಸಿನ, ಅಂದರೆ ಡರ್ಮಿಸಿನ ಮೇಲ್ಭಾಗದ, ಕೊಲಾಜೆನ್ ನಾರು ತಂತಿಯ ಹಾಗೆ ಒರಟಾಗಿದ್ದರೆ ರೋಗ ಅಲ್ಲಿ ಬಹಳ ಕಾಲದಿಂದ ಇದೆ ಎಂದರ್ಥ. ಆದರೆ ಬಹಳ ದಿನ ಕೆರೆದ ಇಸಬಿನಲ್ಲೂ ಕೊಲಾಜೆನ್ ಹೀಗೆ ದಪ್ಪವಾಗುತ್ತದೆ.

ಪುಸ್ತಕದಲ್ಲಿ ಓದಿದ ಪೋಟ್ರಿಯೇ ಗುಂಪುಗಳನ್ನೇ ಕಾಯುತ್ತಾ ಕೂರಬೇಡಿ. ಮೇಲ್ಪದರದಲ್ಲಿ ಲಿಂಫೋಸೈಟುಗಳು ಗುಂಪಾಗಿ ಗೂಡು ಕಟ್ಟುವುದಕ್ಕೆ ಆ ಹೆಸರು. ಆರಂಭದ ಹಂತದಲ್ಲಿ ಅದು ಕಡಿಮೆ ಕೇಸುಗಳಲ್ಲಿ ಮಾತ್ರ ಸಿಗುತ್ತದೆ. ಅದರ ವೇಷ ಹಾಕುವವರೂ ಇದ್ದಾರೆ. ಇಸಬಿನಲ್ಲಿ ಚರ್ಮದ ಕಾವಲು ಕೋಶಗಳಾದ ಲ್ಯಾಂಗರ್‌ಹಾನ್ಸ್ ಕೋಶಗಳು ಹೂಜಿಯ ಆಕಾರದಲ್ಲಿ ಗುಂಪಾಗುತ್ತವೆ. ಹೂಜಿಯ ಬಾಯಿ ಮೇಲಕ್ಕೆ ತೆರೆದಿರುತ್ತದೆ. ಆ ಕೋಶಗಳು ತಿಳಿಯಾಗಿರುತ್ತವೆ. ಅನುಮಾನವಾದರೆ ಆ ಕೋಶಗಳಿಗೆ ಹತ್ತುವ ಸಿಡಿ1ಎ ಸ್ಟೇನ್ ಮಾಡಿ. ಗುಂಪಿನ ಹೆಚ್ಚಿನ ಕೋಶಗಳಿಗೆ ಅದು ಹತ್ತಿದರೆ ಪೋಟ್ರಿಯೇ ಅಲ್ಲ. ಸುಮ್ನೆ ಒಂದು ಗುಂಪು ಕಂಡಿತೆಂದು 'ಲಿಂಫೋಮಾ' ಎಂದು ಬರೆದರೆ ಒಂದು ಮನೆ ತಿಂಗಳುಗಟ್ಟಲೆ ನಿದ್ದೆಗೆಡುತ್ತದೆ.

ಔಷಧದ ಪಟ್ಟಿಯನ್ನೂ ಇಲ್ಲೇ ಕೇಳಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಕೆಲವು ಬಿಪಿ ಮಾತ್ರೆಗಳು ಎಂಎಫ್ ಅನ್ನೇ ಅನುಕರಿಸುವ ಚಿತ್ರ ತರುತ್ತವೆ. ಮಾತ್ರೆ ಬದಲಿಸುವುದು ಚಿಕಿತ್ಸೆ ಕೊಡುವ ವೈದ್ಯರ ತೀರ್ಮಾನ. ಫಿಟ್ಸ್ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಿದರೆ ಜೀವಕ್ಕೆ ಅಪಾಯ. ಇದನ್ನು ಬಾಯಿಬಿಟ್ಟು ಹೇಳಿ.

## ಮುಖದಲ್ಲಿ ಮೊಡವೆಯಂಥ ಗುಳ್ಳೆ, ಹುಬ್ಬು ಉದುರಿದೆ

ಇದು ಕೂದಲ ಬುಡವನ್ನು ಹಿಡಿಯುವ ಎಂಎಫ್ ಇರಬಹುದು. ಇದರಲ್ಲಿ ಮೇಲ್ಪದರ ಹೆಚ್ಚಾಗಿ ಖಾಲಿ ಇರುತ್ತದೆ, ರೋಗ ಫಾಲಿಕಲ್ (ಕೂದಲ ಬುಡದ ಚೀಲ) ಒಳಗಿರುತ್ತದೆ. ಶೇವ್ ಬಯಾಪ್ಸಿ ಇಲ್ಲಿ ಪ್ರಯೋಜನವಿಲ್ಲ, ಆಳದ ಪಂಚ್ ಬೇಕು. ಫಾಲಿಕಲ್‌ನಲ್ಲಿ ಮ್ಯುಸಿನ್ ಎಂಬ ಲೋಳೆ ಇದೆಯೇ ಎಂದು ಆಲ್ಶಿಯನ್ ಬ್ಲೂ ಸ್ಟೇನ್ ಮಾಡಿ. ಹುಬ್ಬು ಉದುರುವುದು ಕುಷ್ಠದಲ್ಲೂ ಇದೆ ಎಂಬುದು ನೆನಪಿರಲಿ.

## ಐಎಚ್‌ಸಿ ಮಾಡಿಸಿದರೂ ಉತ್ತರ ಸಿಗುತ್ತಿಲ್ಲ

ಐಎಚ್‌ಸಿ ಎಂದರೆ ಪ್ರತಿಕಾಯ ಬಳಸಿ ಸಿಡಿ3, ಸಿಡಿ4ರಂಥ ಕೋಶದ ಗುರುತುಗಳಿಗೆ ಬಣ್ಣ ಹಿಡಿಸಿ ನೋಡುವುದು. ಇಷ್ಟರವರೆಗೆ ಖರ್ಚು ಹೆಚ್ಚಿಲ್ಲ. ಇಲ್ಲಿಂದ ಜಾಸ್ತಿಯಾಗುತ್ತದೆ. ಆದ್ದರಿಂದ ಇಡೀ ಪ್ಯಾನೆಲ್ ಬರೆದು ರೋಗಿಯ ಜೇಬು ಖಾಲಿ ಮಾಡಬೇಡಿ. ಸಿಡಿ3, ಸಿಡಿ4, ಸಿಡಿ8, ಸಿಡಿ5, ಸಿಡಿ7 ಹೆಚ್ಚಿನ ಕೇಸಿಗೆ ಸಾಕು. ಸಿಡಿ2 ಸಿಕ್ಕಿದರೆ ಒಳ್ಳೆಯದು. ದೊಡ್ಡ ಕೋಶಗಳಿದ್ದರೆ ಸಿಡಿ30 ಸೇರಿಸಿ.

ಸಿಡಿ3 ಮೇಲ್ಪದರದ ಲಿಂಫೋಸೈಟುಗಳನ್ನು ಕಣ್ಣಿಗೆ ಹೊಡೆಯುವಂತೆ ತೋರಿಸುತ್ತದೆ. ಸಾಮಾನ್ಯ ಬಣ್ಣದ ಎಚ್ ಅಂಡ್ ಇ ಸ್ಲೈಡಿನಲ್ಲಿ ನಾಲ್ಕು ಕಂಡಿದ್ದು ಇಲ್ಲಿ ನಲವತ್ತಾಗಬಹುದು. ಸಿಡಿ4 ಓದುವಾಗ ಜಾಗ್ರತೆ. ಲ್ಯಾಂಗರ್‌ಹಾನ್ಸ್ ಕೋಶ, ಮ್ಯಾಕ್ರೋಫೇಜ್ ಕೂಡ ಸಿಡಿ4ಕ್ಕೆ ಹತ್ತುತ್ತವೆ. ಅವನ್ನೂ ಎಣಿಸಿದರೆ ಸಿಡಿ4, ಸಿಡಿ8ರ ಅನುಪಾತ ಸುಳ್ಳಾಗುತ್ತದೆ.

ಸಿಡಿ7 ಕಡಿಮೆಯಾಗಿದೆ ಎಂಬುದೊಂದರಿಂದಲೇ ತೀರ್ಪು ಕೊಡಬೇಡಿ. ಇಸಬಿನಲ್ಲೂ ಅದು ಕಡಿಮೆಯಾಗುತ್ತದೆ. ಟಿ ಕೋಶಗಳಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಮಾತ್ರ ತೂಕ. ಸಿಡಿ2, ಸಿಡಿ3, ಸಿಡಿ5ರಲ್ಲಿ ಒಂದು ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಹೆಚ್ಚು ಬೆಲೆ. ಕೆಳಗಿನ ಕೋಶಗಳಲ್ಲಿ ಇರುವುದು ಮೇಲಿನ ಕೋಶಗಳಲ್ಲಿ ಇಲ್ಲ ಎಂದಾದರೆ ಅದೂ ಒಳ್ಳೆಯ ಸುಳಿವು. ಆದರೆ ಆರಂಭದ ಎಂಎಫ್‌ನಲ್ಲಿ ಎಲ್ಲಾ ಮಾರ್ಕರ್‌ಗಳೂ ನೆಟ್ಟಗೆ ಉಳಿದಿರಬಹುದು. ಐಎಚ್‌ಸಿ ನಾರ್ಮಲ್ ಬಂದಿತೆಂದು ಎಂಎಫ್ ಇಲ್ಲ ಎನ್ನಲಾಗದು.

## ಕ್ಲೋನ್ ಬಂತು, ಅಥವಾ ಬರಲಿಲ್ಲ

ಟಿ ಕೋಶಗಳು ಒಂದೇ ಮೂಲ ಕೋಶದಿಂದ ಹುಟ್ಟಿದ ಗುಂಪೇ (ಕ್ಲೋನ್) ಎಂದು ನೋಡುವ ಟಿಸಿಆರ್ (ಟಿ ಕೋಶದ ರಿಸೆಪ್ಟರ್) ಜೀನ್ ಪರೀಕ್ಷೆಗೆ ಬ್ಲಾಕ್ ದೊಡ್ಡ ಊರಿಗೆ ಹೋಗಬೇಕು. ಒಂದೇ ಕ್ಲೋನ್ ಸಿಕ್ಕಿದರೆ ಕ್ಯಾನ್ಸರ್ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಔಷಧದ ಅಲರ್ಜಿಯಲ್ಲಿ, ಲೈಕನ್ ಎಂಬ ಚರ್ಮರೋಗದಲ್ಲೂ ಕ್ಲೋನ್ ಸಿಗುತ್ತದೆ. ಎಂಎಫ್ ಇದ್ದರೂ ಕೋಶಗಳು ಕಡಿಮೆಯಿದ್ದರೆ ಸಿಗದೆ ಹೋಗುತ್ತದೆ. ಎರಡು ಬೇರೆ ಜಾಗದ ತುಂಡುಗಳಲ್ಲಿ ಅದೇ ಕ್ಲೋನ್ ಸಿಕ್ಕಿದರೆ ಮಾತ್ರ ನಾನು ಗಟ್ಟಿಯಾಗಿ ನಂಬುತ್ತೇನೆ. ಎರಡು ಜಾಗದ ಬಯಾಪ್ಸಿ ಕೇಳಿದ್ದಕ್ಕೆ ಇದೂ ಕಾರಣ.

## ರಿಪೋರ್ಟಿನಲ್ಲಿ ಏನು ಬರೆಯಲಿ?

2005ರಲ್ಲಿ ಚರ್ಮದ ಲಿಂಫೋಮಾದ ಅಂತರರಾಷ್ಟ್ರೀಯ ಸಂಘ ಆರಂಭದ ಎಂಎಫ್‌ಗೆ ಅಂಕ ಕೊಡುವ ಪದ್ಧತಿ ಪ್ರಕಟಿಸಿತು. ಮೈಮೇಲೆ ಕಾಣುವುದಕ್ಕೆ ಹೆಚ್ಚೆಂದರೆ 2, ಸ್ಲೈಡಿಗೆ 2, ಐಎಚ್‌ಸಿಗೆ 1, ಕ್ಲೋನಿಗೆ 1. ಒಟ್ಟು 4 ಬಂದರೆ ಎಂಎಫ್. ಲೆಕ್ಕ ಗಮನಿಸಿ. ಮೈ ಮತ್ತು ಸ್ಲೈಡ್ ಎರಡೂ ಪೂರ್ತಿ ಅಂಕ ಕೊಟ್ಟರೆ ದುಬಾರಿ ಪರೀಕ್ಷೆ ಇಲ್ಲದೆಯೇ 4 ಆಗುತ್ತದೆ. ಸ್ಲೈಡ್, ಐಎಚ್‌ಸಿ, ಕ್ಲೋನ್ ಮೂರೂ ಪೂರ್ತಿ ಬಂದರೂ ಅಷ್ಟೇ ಆಗುತ್ತದೆ. ಚೀಟಿ ತುಂಬಿಸಲು ಫೋನ್ ಮಾಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ.

4 ಬರದಿದ್ದರೆ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. 'ಮೇಲ್ಪದರಕ್ಕೆ ಲಿಂಫೋಸೈಟುಗಳು ಹತ್ತಿವೆ, ಸ್ಪಾಂಜಿಯೋಸಿಸ್ ಕಡಿಮೆ. ಆರಂಭದ ಎಂಎಫ್ ಅನುಮಾನವಿದೆ, ಖಚಿತವಿಲ್ಲ. ಸ್ಟೀರಾಯ್ಡ್ ನಿಲ್ಲಿಸಿ ಎರಡು ಜಾಗದಿಂದ ಮತ್ತೆ ಬಯಾಪ್ಸಿ ಮಾಡಿ.' ಹೀಗೆ ಬರೆಯಲು ಸಂಕೋಚ ಬೇಡ. 'ನಿರ್ದಿಷ್ಟವಲ್ಲದ ಚರ್ಮದ ಉರಿಯೂತ' ಎಂದಷ್ಟೇ ಬರೆದರೆ ಓದುವ ವೈದ್ಯರಿಗೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಇನ್ನೊಂದು ಮಾತು. ಮೈಕೋಸಿಸ್ ಫಂಗೊಯಿಡಿಸ್ ಎಂದು ಬರೆದಾಗ ಪಕ್ಕದಲ್ಲಿ 'ಚರ್ಮದ ಟಿ ಸೆಲ್ ಲಿಂಫೋಮಾ' ಎಂದೂ ಬರೆಯಿರಿ. 1806ರಲ್ಲಿ ಪ್ಯಾರಿಸಿನ ವೈದ್ಯ ಅಲಿಬೇರ್ ಇದನ್ನು ಮೊದಲು ಕಂಡಾಗ ಗಡ್ಡೆಗಳು ಅಣಬೆಯಂತೆ ಇದ್ದವು, ಅದಕ್ಕೆ ಆ ಹೆಸರು. ಹೆಸರು ನೋಡಿ ಫಂಗಸ್ ಮಾತ್ರೆ ಬರೆದುಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಖಚಿತವಾದರೆ ರೋಗಿಗೆ ಹೇಳುವ ಮಾತಿಗೂ ತೂಕವಿರಲಿ. ಮೈಯ ಶೇಕಡಾ 10ಕ್ಕಿಂತ ಕಡಿಮೆ ಜಾಗದಲ್ಲಿ ಮಚ್ಚೆಯಷ್ಟೇ ಇದ್ದು, ದುಗ್ಧಗ್ರಂಥಿಯ ಗಂಟು, ರಕ್ತ, ಒಳಗಿನ ಅಂಗ ಯಾವುದಕ್ಕೂ ಹರಡಿಲ್ಲದಿದ್ದರೆ ಅದು ರೋಗದ ಮೊದಲ ಹಂತ, 'ಒಂದು ಎ' (IA). ಬೆರಳು ಸೇರಿಸಿ ರೋಗಿಯ ಒಂದು ಅಂಗೈ ಎಂದರೆ ಸುಮಾರು ಶೇಕಡಾ 1. ಈ ಹಂತದವರ ಆಯುಸ್ಸು ಬೇರೆಯವರಷ್ಟೇ ಇರುತ್ತದೆ. ಚಿಕಿತ್ಸೆಯೂ ಹಚ್ಚುವ ಮದ್ದು, ಯುವಿ ಬೆಳಕಿನದು. ಇಲ್ಲಿ ಕೀಮೋಥೆರಪಿಗೆ ಅವಸರಿಸುವುದು ತಪ್ಪು. 'ಕ್ಯಾನ್ಸರ್ ಅಂದ್ರಲ್ಲ ಡಾಕ್ಟ್ರೇ, ಇನ್ನೆಷ್ಟು ದಿನ?' ಎಂದು ಆ ಕೆಲಸಗಾರರು ಕೇಳಿದಾಗ ನನಗೆ ಇದನ್ನು ನಿಧಾನವಾಗಿ ಕೂತು ಹೇಳಬೇಕಾಯಿತು.

## ಇಲ್ಲಿ ನಿಲ್ಲಿಸಿ, ಮುಂದೆ ಕಳಿಸಿ

ಮೈಯೆಲ್ಲಾ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ, ಮಚ್ಚೆಯ ಮೇಲೆ ಗಡ್ಡೆ ಅಥವಾ ಹುಣ್ಣು ಎದ್ದಿದ್ದರೆ, ಕಂಕುಳು ಅಥವಾ ತೊಡೆ ಸಂದಿಯ ಗಂಟು 1.5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಕಾಯಬೇಡಿ. ಸ್ಲೈಡಿನಲ್ಲಿ ದೊಡ್ಡ ಕೋಶಗಳು ಕಾಲು ಭಾಗಕ್ಕಿಂತ ಹೆಚ್ಚಿದ್ದರೂ ಹಾಗೆಯೇ. ಇದು ಸಣ್ಣ ಲ್ಯಾಬಿನಲ್ಲಿ ಮುಗಿಸುವ ಕೇಸಲ್ಲ. ಚರ್ಮದ ಲಿಂಫೋಮಾ ನೋಡುವ ಚರ್ಮತಜ್ಞರು, ಕ್ಯಾನ್ಸರ್ ತಜ್ಞರು ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿ. ಕಾರವಾರದ ಕಡೆಯವರಿಗೆ ಗೋವಾ ಹತ್ತಿರ, ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ, ಹೊನ್ನಾವರ ಭಟ್ಕಳದವರಿಗೆ ಮಣಿಪಾಲ.

ಕೇಸು ಸೌಮ್ಯವಾಗಿದ್ದರೂ ಎರಡು ಬಯಾಪ್ಸಿ ಆದ ಮೇಲೆ ಅನುಮಾನ ಉಳಿದರೆ ಎರಡನೇ ಅಭಿಪ್ರಾಯ ಕೇಳಿ. ಕಳಿಸುವಾಗ ಎಚ್ ಅಂಡ್ ಇ ಸ್ಲೈಡ್, ಬ್ಲಾಕ್, ರೋಗಿಯ ಕಥೆ, ಫೋಟೋ ಎಲ್ಲವೂ ಒಟ್ಟಿಗೆ ಹೋಗಲಿ. ಬ್ಲಾಕನ್ನು ಬಿಸಿಲಿಗೆ ಬೀಳುವ ಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ಹಸಿ ತುಂಡಾದರೆ ಫಾರ್ಮಲಿನ್ ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತಿ, ಇನ್ನೊಂದು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಹೊರಗೆ 'ವಿಷ, ಮುಟ್ಟಬೇಡಿ' ಎಂದು ಕನ್ನಡದಲ್ಲಿ ಬರೆಯಿರಿ. ಪಾರ್ಸೆಲ್ ಎತ್ತುವ ಹುಡುಗರಿಗೆ ಒಳಗೆ ಏನಿದೆ ಎಂದು ಗೊತ್ತಿರುವುದಿಲ್ಲ. ಕಳಿಸಿದ ತಾರೀಕು, ಬ್ಲಾಕ್ ನಂಬರ್, ವಾಪಸ್ ಬಂದ ದಿನ ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಎರಡು ವರ್ಷ ಬಿಟ್ಟು ಅದೇ ರೋಗಿಯ ಮುಂದಿನ ತುಂಡು ಬಂದಾಗ ಆ ಬ್ಲಾಕ್ ಬೇಕಾಗುತ್ತದೆ.